ಬಂಡಿಗೊಂದೇ ತೆನೆ

ಈವರೆಗೆ ಸಿಕ್ಕಿರುವ ಚಿತ್ರದ ಪೋಸ್ಟ್‌ಕಾರ್ಡುಗಳಲ್ಲಿ ಎಲ್ಲಕ್ಕಿಂತ ಹಳೆಯದು ಒಂದು ತಮಾಷೆ. 1840ರಲ್ಲಿ ಅದು ಲಂಡನ್ನಿನ ಫುಲ್ಹಮ್‌ನಲ್ಲಿದ್ದ ಥಿಯೊಡರ್ ಹುಕ್ ಎಂಬ ಲೇಖಕನ ಮನೆಗೆ ಬಂತು. ಕಳಿಸಿದವನೂ ಅವನೇ ಎಂದು ಅಂಚೆಯ ಇತಿಹಾಸ ಬಲ್ಲವರು ಹೇಳುತ್ತಾರೆ. ಕೈಯಲ್ಲೇ ಬರೆದು ಬಣ್ಣ ತುಂಬಿದ ಚಿತ್ರ. ನಡುವೆ ಭಾರೀ ಗಾತ್ರದ ಶಾಯಿಕುಡಿಕೆ, ಸುತ್ತ ಕೂತ ಅಂಚೆ ಗುಮಾಸ್ತರು. ಮೇಲೆ ಅಂಟಿಸಿದ್ದು ಆ ವರ್ಷವಷ್ಟೇ ಹೊರಬಂದಿದ್ದ ಪೆನ್ನಿ ಬ್ಲ್ಯಾಕ್ ಅಂಚೆಚೀಟಿ. ಕಾರ್ಡು ಯಾರ ಕೈ ದಾಟಿ ಬರಬೇಕೋ ಅವರನ್ನೇ ಗೇಲಿ ಮಾಡಿ, ಅವರಿಂದಲೇ ಮುದ್ರೆ ಒತ್ತಿಸಿಕೊಂಡು ಮನೆಗೆ ತರಿಸಿಕೊಂಡ ಕುಚೇಷ್ಟೆ ಅದು. ಹುಕ್ ಅಂಥವನೇ. 1810ರಲ್ಲಿ ಬರ್ನರ್ಸ್ ಸ್ಟ್ರೀಟಿನ ಒಬ್ಬ ಹೆಂಗಸಿನ ಹೆಸರಲ್ಲಿ ರಾಶಿ ಪತ್ರ ಬರೆದು, ಕಲ್ಲಿದ್ದಲ ಗಾಡಿಗಳಿಂದ ಹಿಡಿದು ಕೇಕಿನವರು, ವೈದ್ಯರು, ಕೊನೆಗೆ ಲಂಡನ್ನಿನ ಮೇಯರ್ ತನಕ ಎಲ್ಲರೂ ಒಂದೇ ದಿನ ಅವಳ ಬಾಗಿಲಿಗೆ ಬಂದು ನಿಲ್ಲುವಂತೆ ಮಾಡಿದ್ದ. 2002ರಲ್ಲಿ ಅವನ ಕಾರ್ಡು ಹರಾಜಿಗೆ ಬಂದಾಗ 31,750 ಪೌಂಡಿಗೆ ಹೋಯಿತು.

ಸರ್ಕಾರಿ ಪೋಸ್ಟ್‌ಕಾರ್ಡ್ ಹುಟ್ಟಿದ್ದು ಆಮೇಲೆ, 1869ರ ಅಕ್ಟೋಬರ್ 1ರಂದು, ಆಸ್ಟ್ರಿಯಾ-ಹಂಗೆರಿಯಲ್ಲಿ. ನಾಲ್ಕು ಸಾಲಿನ ಸಂಗತಿಗೆ ಲಕೋಟೆ, ಕಾಗದ, ಪೂರ್ತಿ ಅಂಚೆ ವೆಚ್ಚ ಎಲ್ಲ ಯಾಕೆ ಎಂದು ಕೇಳಿದ ಇಮಾನ್ಯುಯೆಲ್ ಹೆರ್ಮನ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕ ಅದಕ್ಕೆ ಕಾರಣ. ನಮ್ಮಲ್ಲಿ ಕಾಲಾಣೆಯ ಕಾರ್ಡು ಬಂದದ್ದು 1879ರ ಜುಲೈ 1ರಂದು. ಈ ಸರ್ಕಾರಿ ಕಾರ್ಡುಗಳಲ್ಲಿ ಚಿತ್ರವೂ ಇಲ್ಲ, ನಗುವೂ ಇಲ್ಲ. ನಗು ಮತ್ತೆ ಕಾರ್ಡಿನ ಮೇಲೆ ಬಂದು ಕೂರಲು ಇನ್ನೂ ಮೂವತ್ತು ನಲವತ್ತು ವರ್ಷ ಹಿಡಿಯಿತು. ಅದು ಬಂದ ದಾರಿಗಳು ಹಲವು. ನಾನು ಹೇಳಹೊರಟಿರುವುದು ಅದರಲ್ಲಿ ಒಂದನ್ನು ಮಾತ್ರ, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದನ್ನು: ಅಮೆರಿಕದ ನಡುಭಾಗದ ಹೊಲಗಳಲ್ಲಿ, ಕಾನ್ಸಾಸ್ ಮತ್ತು ವಿಸ್ಕಾನ್ಸಿನ್ ರಾಜ್ಯಗಳ ಸಣ್ಣ ಊರಿನ ಫೋಟೋ ಸ್ಟುಡಿಯೋಗಳಲ್ಲಿ ಹುಟ್ಟಿದ ಬಡಾಯಿ ಕಾರ್ಡುಗಳ ಕತೆಯನ್ನು.

ಕಾನ್ಸಾಸ್‌ನಲ್ಲಿ ಆಟವಾ ಎಂಬ ಊರಿದೆ. ಕೆನಡಾದ ರಾಜಧಾನಿಗೂ ಇದಕ್ಕೂ ಹೆಸರಿನ ನಂಟು ಮಾತ್ರ. ವಿಲಿಯಂ ಎಚ್. ಮಾರ್ಟಿನ್ ಎಂಬ ಯುವಕ 1886ರಲ್ಲಿ ಅಲ್ಲಿಗೆ ಬಂದು ಕಾರ್ವಿನ್ ಎಂಬ ಫೋಟೋಗ್ರಾಫರನ ಹತ್ತಿರ ಕೆಲಸ ಕಲಿತ. 1894ರಲ್ಲಿ ಆ ಸ್ಟುಡಿಯೋವನ್ನೇ ಕೊಂಡುಕೊಂಡ. ಮದುವೆ ಜೋಡಿ, ತೊಟ್ಟಿಲ ಕೂಸು, ಗಡ್ಡ ಬಾಚಿಕೊಂಡು ಬಂದ ಹಿರಿಯರು ಎಲ್ಲರ ಫೋಟೋ ತೆಗೆದು ಬದುಕಿದ. ಊರಿನವರು ಅವನನ್ನು ‘ಡ್ಯಾಡ್’ ಎಂದು ಕರೆಯುತ್ತಿದ್ದರು. 1908ರ ಸುಮಾರಿಗೆ ಈ ಮನುಷ್ಯ ಕತ್ತರಿ ಕೈಗೆತ್ತಿಕೊಂಡ.

ಮಾರ್ಟಿನ್ ಮಾಡಿದ್ದು ಇಷ್ಟು. ಮೊದಲು ಒಂದು ಬಂಡಿಯ ಫೋಟೋ: ಎರಡು ಕುದುರೆ, ಮುಂದೆ ಲಗಾಮು ಹಿಡಿದು ಕೂತ ರೈತ, ಹಿಂದೆ ಬಯಲು, ಮೇಲೆ ಖಾಲಿ ಆಕಾಶ. ಬಂಡಿಯೂ ಖಾಲಿ. ಆಮೇಲೆ ಒಂದು ಮೆಕ್ಕೆಜೋಳದ ತೆನೆಯನ್ನು ಹತ್ತಿರದಿಂದ, ಕಾಳು ಕಾಳು ಎಣಿಸುವಷ್ಟು ಸ್ಪಷ್ಟವಾಗಿ ತೆಗೆದ ಇನ್ನೊಂದು ಫೋಟೋ. ಎರಡನ್ನೂ ಬೇಕಾದ ಗಾತ್ರಕ್ಕೆ ಪ್ರಿಂಟು ಹಾಕಿ, ತೆನೆಯನ್ನು ಅಂಚು ಬಿಡದೆ ಕತ್ತರಿಸಿ ಬಂಡಿಯ ಮೇಲೆ ಅಂಟಿಸುವುದು. ಅಂಟಿಸಿದ ಗೆರೆ ಕಾಣದ ಹಾಗೆ ಕುಂಚದಿಂದ ಬಣ್ಣ ಸವರುವುದು. ಬೇಕಾದಲ್ಲಿ ನೆರಳು ಬರೆಯುವುದು. ಇಷ್ಟಾದ ಮೇಲೆ ಆ ಅಂಟಿಸಿದ ಹಾಳೆಯನ್ನೇ ಕ್ಯಾಮೆರಾ ಮುಂದಿಟ್ಟು ಮತ್ತೊಮ್ಮೆ ಫೋಟೋ ತೆಗೆಯುವುದು. ಈ ಕೊನೆಯ ನೆಗೆಟಿವ್‌ನಲ್ಲಿ ಕತ್ತರಿ, ಅಂಟು ಯಾವುದೂ ಉಳಿಯುವುದಿಲ್ಲ. ಬಂಡಿಯೂ ತೆನೆಯೂ ಒಂದೇ ಗಳಿಗೆಯಲ್ಲಿ ಕಂಡಂತೆ ಒಂದೇ ಹಾಳೆಯ ಮೇಲೆ ಕೂತುಬಿಡುತ್ತವೆ. ಬಂಡಿ ತುಂಬಲು ನಾಲ್ಕೈದು ತೆನೆ ಸಾಕು. ಕೆಲವು ಕಾರ್ಡುಗಳಲ್ಲಿ ಒಂದೇ ತೆನೆ.

ಹಳೆಯ ಕಾರ್ಡೊಂದನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದರೆ ಈ ಕೈಕೆಲಸದ ಗುರುತು ಸಿಗುತ್ತದೆ. ಬಂಡಿಯ ಹಲಗೆಯ ಮೇಲೆ ಬಿಸಿಲು ಒಂದು ಕಡೆಯಿಂದ ಬಿದ್ದಿದ್ದರೆ ತೆನೆಯ ಮೇಲೆ ಇನ್ನೊಂದು ಕಡೆಯಿಂದ. ತೆನೆಯ ತುದಿ ರೈತನ ಟೋಪಿಯ ಪಕ್ಕ ಹಾದುಹೋಗುವಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ. ಹಿಂದಿನ ಮರಗಳು ಮಸುಕು, ಕಾಳುಗಳು ಮಾತ್ರ ಕಣ್ಣಿಗೆ ಹೊಡೆಯುವಷ್ಟು ಚುರುಕು. ಇಷ್ಟು ನೋಡಿದ ಮೇಲೂ ಚಿತ್ರ ಒಡೆಯುವುದಿಲ್ಲ. ತೆನೆಯ ಭಾರಕ್ಕೆ ಗಾಲಿ ಹೂತುಹೋದೀತು ಎಂಬ ಕಳವಳ ನೋಡುವವರ ಮನಸ್ಸಿನಿಂದ ಹೋಗುವುದಿಲ್ಲ.

ಫೋಟೋ ಕತ್ತರಿಸಿ ಜೋಡಿಸುವುದನ್ನು ಮಾರ್ಟಿನ್ ಕಂಡುಹಿಡಿಯಲಿಲ್ಲ. 1857ರಲ್ಲೇ ಆಸ್ಕರ್ ರೈಲ್ಯಾಂಡರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್ ಸೇರಿಸಿ ಇಂಗ್ಲೆಂಡಿನಲ್ಲಿ ಒಂದು ನೀತಿಚಿತ್ರ ಮಾಡಿದ್ದ. ಮರುವರ್ಷ ಹೆನ್ರಿ ಪೀಚ್ ರಾಬಿನ್ಸನ್ ಐದು ನೆಗೆಟಿವ್ ಕೂಡಿಸಿ ಸಾವಿನ ಹಾಸಿಗೆಯ ಹುಡುಗಿಯೊಬ್ಬಳ ಚಿತ್ರ ಮಾಡಿದ. ಅಮೆರಿಕದಲ್ಲಿ ಮಮ್ಲರ್ ಎಂಬವನು ಬದುಕಿರುವವರ ಬೆನ್ನ ಹಿಂದೆ ಸತ್ತವರ ದೆವ್ವ ಮೂಡಿಸಿ ದುಡ್ಡು ಮಾಡಿದ್ದ. ಇವರಲ್ಲಿ ಕೆಲವರಿಗೆ ಕಲೆ ಬೇಕಿತ್ತು, ಕೆಲವರಿಗೆ ಮೋಸ ಬೇಕಿತ್ತು. ಮಾರ್ಟಿನ್‌ಗೆ ಕಂಡದ್ದು ಮೂರನೆಯ ದಾರಿ. ಫೋಟೋ ಸುಳ್ಳು ಹೇಳುವುದಿಲ್ಲ ಎಂದು ಜನ ನಂಬಿದ್ದರು. ಆ ನಂಬಿಕೆ ಇರುವ ಕಡೆ, ಯಾರೂ ನಂಬಲಾರದ ಸುಳ್ಳೊಂದನ್ನು ಒಂದಿಷ್ಟೂ ಮುಖಭಾವ ಬದಲಿಸದೆ ಹೇಳಿದರೆ ನಗು ತಾನಾಗಿ ಬರುತ್ತದೆ. ಅದೇ ತೆನೆಯನ್ನು ವ್ಯಂಗ್ಯಚಿತ್ರಕಾರ ಬರೆದಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಗೆರೆಯಲ್ಲಿ ಏನು ಬೇಕಾದರೂ ದೊಡ್ಡದಾಗುತ್ತದೆ. ಕಾನ್ಸಾಸ್‌ನ ನಿಜವಾದ ಧೂಳು, ನಿಜವಾದ ಕುದುರೆ, ನಿಜವಾದ ರೈತನ ಪಕ್ಕದಲ್ಲಿ ಕೂತಾಗಲೇ ಆ ತೆನೆಗೆ ಬೆಲೆ. ಈ ಕತೆಯಲ್ಲಿ ಆವಿಷ್ಕಾರ ಎಂಬುದೊಂದಿದ್ದರೆ ನನ್ನ ಮಟ್ಟಿಗೆ ಅದು ಇದೇ.

ಕಾಲವೂ ಕೂಡಿಬಂದಿತ್ತು. 1898ರಲ್ಲಿ ಅಮೆರಿಕ ಖಾಸಗಿಯವರು ಅಚ್ಚು ಹಾಕಿದ ಕಾರ್ಡುಗಳನ್ನೂ ಒಂದು ಸೆಂಟಿಗೆ ಒಯ್ಯಲು ಒಪ್ಪಿತು. 1902ರ ಹೊತ್ತಿಗೆ ಹಳ್ಳಿಯ ಮನೆಬಾಗಿಲಿಗೆ ಅಂಚೆ ತಲುಪಿಸುವ ಏರ್ಪಾಡು ಖಾಯಂ ಆಯಿತು. ಅದಕ್ಕೆ ಮುಂಚೆ ರೈತ ಕಾಗದ ತರಲು ಪೇಟೆಗೆ ಬಂಡಿ ಕಟ್ಟಬೇಕಿತ್ತು. ಈಗ ಹೊಲದ ಅಂಚಿನ ಡಬ್ಬಿಯಲ್ಲೇ ಕಾಗದ. 1903ರಲ್ಲಿ ಕೊಡಾಕ್ ಕಂಪನಿ ಕಾರ್ಡಿನ ಅಳತೆಯದೇ ನೆಗೆಟಿವ್ ಕೊಡುವ ಮಡಿಸುವ ಕ್ಯಾಮೆರಾ ತಂದಿತು. ಬೆನ್ನಿಗೆ ವಿಳಾಸದ ಗೆರೆ ಅಚ್ಚಾದ ಫೋಟೋ ಕಾಗದವೂ ಮಾರುಕಟ್ಟೆಯಲ್ಲಿತ್ತು. 1907ರ ಮಾರ್ಚ್ 1ರಂದು ಇನ್ನೊಂದು ನಿಯಮ ಬಂತು, ನೋಡಲು ಸಣ್ಣದು. ಅಲ್ಲಿಯವರೆಗೆ ಕಾರ್ಡಿನ ಹಿಂಬದಿ ವಿಳಾಸಕ್ಕೆ ಮಾತ್ರ ಮೀಸಲು. ಏನಾದರೂ ಬರೆಯಬೇಕಿದ್ದರೆ ಚಿತ್ರದ ಅಂಚಿನಲ್ಲೇ, ಚಿತ್ರದ ಮೇಲೇ ಗೀಚಬೇಕು. ಆ ದಿನದಿಂದ ಹಿಂಬದಿಯನ್ನು ಎರಡು ಭಾಗ ಮಾಡಿ, ಎಡಕ್ಕೆ ಮಾತು, ಬಲಕ್ಕೆ ವಿಳಾಸ ಎಂದಾಯಿತು. ಮುಂಬದಿ ಪೂರ್ತಿ ಚಿತ್ರಕ್ಕೆ ಬಿಟ್ಟುಕೊಟ್ಟಂತಾಯಿತು. ಮೂರೂವರೆ ಇಂಚು, ಐದೂವರೆ ಇಂಚಿನ ಆ ಜಾಗದಲ್ಲಿ ಮಾರ್ಟಿನ್ ತೆನೆ ನೆಟ್ಟ. 1908ರ ಜೂನ್‌ಗೆ ಮುಗಿದ ಒಂದೇ ವರ್ಷದಲ್ಲಿ ಅಮೆರಿಕದ ಅಂಚೆಯಲ್ಲಿ ಹಾದುಹೋದ ಕಾರ್ಡುಗಳು ಸುಮಾರು 67 ಕೋಟಿ 78 ಲಕ್ಷ. ಆಗ ಆ ದೇಶದ ಜನಸಂಖ್ಯೆ ಒಂಬತ್ತು ಕೋಟಿ ಮುಟ್ಟಿರಲಿಲ್ಲ.

1909ರಲ್ಲಿ ಅವನು ಮಾರ್ಟಿನ್ ಪೋಸ್ಟ್‌ಕಾರ್ಡ್ ಕಂಪನಿ ತೆರೆದ. ತೆನೆಯ ಜೊತೆಗೆ ಎಲೆಕೋಸು, ಆಲೂಗಡ್ಡೆ, ಈರುಳ್ಳಿ, ಕಲ್ಲಂಗಡಿ, ಪೀಚ್ ಬಂದವು. ಕುದುರೆಯಷ್ಟು ಎತ್ತರದ ಮೊಲಗಳು ಬಂದವು. ಪೇಟೆಗೆ ಹೊರಟ ದೈತ್ಯ ಹೆಬ್ಬಾತುಗಳು ಬಂದವು. ಕಾರ್ಡಿನ ಕೆಳಗೆ ಒಂದು ಸಾಲು: ನಮ್ಮ ಕಡೆ ಬೆಳೆಯುವುದು ಹೀಗೆ, ನಮ್ಮ ಊರಲ್ಲಿ ಕೆಲಸ ಆಗುವುದು ಹೀಗೆ ಎಂಬ ಧಾಟಿಯದು, ಅಷ್ಟೇ.

ಹಾಸ್ಯಕ್ಕೆ ಇಷ್ಟು ಕಾರಣ ಸಾಲದು. ಬೆಳೆಯೇ ಯಾಕೆ? ಕಾನ್ಸಾಸ್‌ನವರೇ ಯಾಕೆ?

ಆ ನೆಲಕ್ಕೆ ಜನ ಬಂದದ್ದೇ ಬಡಾಯಿ ಕೇಳಿಕೊಂಡು. 1862ರ ಕಾಯ್ದೆ, ಐದು ವರ್ಷ ಉಳುಮೆ ಮಾಡಿ ನೆಲೆ ನಿಂತವರಿಗೆ 160 ಎಕರೆ ಕೊಡುತ್ತಿತ್ತು. ಹಳಿಯ ಎರಡೂ ಬದಿ ಜಮೀನು ಪಡೆದಿದ್ದ ರೈಲು ಕಂಪನಿಗಳು ಅದನ್ನು ಮಾರಲು ಪೂರ್ವದ ಊರುಗಳಲ್ಲೂ ಯೂರೋಪಿನಲ್ಲೂ ಜಾಹೀರಾತು ಹಂಚಿದವು. ಅಲ್ಲಿನ ಚಿತ್ರಗಳಲ್ಲಿ ಜೋಳ ಆಕಾಶ ಮುಟ್ಟುತ್ತಿತ್ತು. ನೇಗಿಲು ಹೋದಲ್ಲಿ ಮಳೆ ಹಿಂಬಾಲಿಸುತ್ತದೆ ಎಂದು ಓದಿದವರೇ ಬರೆದು ನಂಬಿಸಿದ್ದರು. ಬಂದವರಿಗೆ ಸಿಕ್ಕಿದ್ದು ಬೇರೆ. 1874ರ ಬೇಸಿಗೆಯಲ್ಲಿ ರಾಕಿ ಬೆಟ್ಟಗಳ ಕಡೆಯ ಮಿಡತೆ ಹಿಂಡು ಬಂದಿಳಿಯಿತು. ಜೋಳ ಹೋಯಿತು, ತರಕಾರಿ ಹೋಯಿತು, ನೆಲದೊಳಗಿನ ಗಡ್ಡೆಯನ್ನೂ ಬಗೆದು ತಿಂದವು. ಬೆವರಿನ ಉಪ್ಪು ಹಿಡಿದಿದ್ದ ಸನಿಕೆಯ ಕಾವು ಕಡಿದವು. ಗಿಡದ ಮೇಲೆ ಹೊದಿಸಿದ ಬಟ್ಟೆಯನ್ನೂ ಬಿಡಲಿಲ್ಲ. ಹಳಿಯ ಮೇಲೆ ಅರೆದುಹೋದ ಮಿಡತೆಗಳ ಜಿಡ್ಡಿಗೆ ರೈಲಿನ ಗಾಲಿ ಜಾರಿ ನಿಂತವು. ಅದರ ಹಿಂದೆ 1880ರ ದಶಕದ ಕೊನೆಗೆ, 1890ರ ದಶಕದಲ್ಲಿ ಒಂದರ ಮೇಲೊಂದು ಬರ. ಬಂದ ದಾರಿಯಲ್ಲೇ ವಾಪಸು ಹೋದವರು ಬಹಳ. ರಾಯಚೂರು, ವಿಜಯಪುರದ ಕಡೆ ಒಣಬೇಸಾಯ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಉಳಿದುಕೊಂಡವರ ಮಕ್ಕಳ ಕಾಲಕ್ಕೆ ಮಾರ್ಟಿನ್‌ನ ಕಾರ್ಡು ಬಂತು. ರೈಲು ಕಂಪನಿ ಗಂಭೀರವಾಗಿ ಹೇಳಿದ ಸುಳ್ಳನ್ನೇ ಇವರು ಕೈಗೆ ತೆಗೆದುಕೊಂಡು, ಇನ್ನೂ ದೊಡ್ಡದು ಮಾಡಿ, ಪೂರ್ವದಲ್ಲಿದ್ದ ನೆಂಟರಿಗೆ ಒಂದು ಸೆಂಟಿನಲ್ಲಿ ಕಳಿಸಿದರು. ಹೌದು, ನಾವು ಇಲ್ಲೇ ಇದ್ದೇವೆ, ನೋಡಿ ನಮ್ಮ ಜೋಳ! ಇದನ್ನು ಸೋತವರ ನಗು ಎನ್ನುವವರುಂಟು. ನನಗೆ ಹಾಗೆ ಕಾಣುವುದಿಲ್ಲ. ಮೋಸ ಹೋದ ಮಾತನ್ನೇ ತಮಾಷೆ ಮಾಡಿ ಮಾರಲು ನೆಲದ ಮೇಲೆ ಕಾಲು ಗಟ್ಟಿಯಾಗಿ ಊರಿರಬೇಕು.

ಇದೇ ಹೊತ್ತಿಗೆ ವಿಸ್ಕಾನ್ಸಿನ್‌ನ ವಾಪನ್ ಎಂಬ ಊರಿನಲ್ಲಿ ಆಲ್ಫ್ರೆಡ್ ಸ್ಟ್ಯಾನ್ಲಿ ಜಾನ್ಸನ್ ಎಂಬ ಇನ್ನೊಬ್ಬ ಫೋಟೋಗ್ರಾಫರ್ ಇದೇ ಕೆಲಸಕ್ಕಿಳಿದಿದ್ದ. ಮಾರ್ಟಿನ್‌ನ ಶಕ್ತಿ ವಸ್ತುವಿನಲ್ಲಿದ್ದರೆ ಜಾನ್ಸನ್‌ನದು ಮನುಷ್ಯರಲ್ಲಿ. ಅವನು ಊರಿನ ಪರಿಚಯಸ್ಥರನ್ನು ಕರೆದು ಬರಿಗೈಯಲ್ಲಿ ನಿಲ್ಲಿಸುತ್ತಿದ್ದ. ಇಲ್ಲದ ಭಾರಕ್ಕೆ ಬೆನ್ನು ಬಾಗಿಸು, ಇಲ್ಲದ ಮೀನಿನ ಜಗ್ಗಾಟಕ್ಕೆ ಹಿಂದಕ್ಕೆ ವಾಲು, ಇಲ್ಲದ ಮೃಗ ಕಂಡು ಬೆಚ್ಚು. ಮೀನೋ ಎಲೆಕೋಸೋ ಆಮೇಲೆ ಬಂದು ಸೇರುತ್ತಿತ್ತು. ಕಾರ್ಡು ನಿಲ್ಲುವುದು ಈ ಅಭಿನಯದ ಮೇಲೆ. ತೊಡೆಯ ಸ್ನಾಯು ಬಿಗಿದಿದ್ದರೆ, ಹಲ್ಲು ಕಚ್ಚಿದ್ದರೆ, ಹಗ್ಗ ಹಿಡಿದವನ ಹಿಮ್ಮಡಿ ಮಣ್ಣಿಗೆ ಒತ್ತಿದ್ದರೆ, ಮೀನು ನಿಜವಾಗುತ್ತದೆ. ನಟನೆ ಎಂದರೇನೆಂದು ತಿಳಿಯದ ಅಂಗಡಿಯವರು, ಗುಮಾಸ್ತರು, ಹೆಣ್ಣುಮಕ್ಕಳು ಅದನ್ನು ಎಷ್ಟು ಮನಸ್ಸಿಟ್ಟು ಮಾಡಿದ್ದಾರೆಂದರೆ, ನಾಟಕ ಕಂಪನಿಯ ಮೇಷ್ಟರು ನೋಡಿದ್ದರೆ ಎಲ್ಲರನ್ನೂ ಸೇರಿಸಿಕೊಳ್ಳುತ್ತಿದ್ದರು. ಯಾರೂ ಕ್ಯಾಮೆರಾ ನೋಡಿ ಹಲ್ಲು ಕಿರಿಯುವುದಿಲ್ಲ. ನಕ್ಕುಬಿಟ್ಟಿದ್ದರೆ ಮುಗಿಯಿತು, ಕಾರ್ಡಿನ ಗುಟ್ಟು ಅಲ್ಲೇ ರಟ್ಟು.

ಕಾನ್ಸಾಸ್‌ನ ಅರ್ಕಾನ್ಸಾಸ್ ಸಿಟಿಯಲ್ಲಿ ಜಾರ್ಜ್ ಕಾರ್ನಿಶ್ ಎಂಬ ಮೂರನೆಯವನಿದ್ದ. ರೈಲಿನ ತೆರೆದ ವ್ಯಾಗನ್ನಿನ ಮೇಲೆ ಮರದ ದಿಮ್ಮಿಗಳಂತೆ ಮಲಗಿದ ತೆನೆಗಳ ಕಾರ್ಡು ಅವನದು, 1910ರ ಸುಮಾರಿನದು. ಅದರ ಮೇಲಿನ ಬರಹ ಟೆಕ್ಸಸ್‌ನ ಜೋಳ ಎನ್ನುತ್ತದೆ. ಮಾಡಿದ್ದು ಕಾನ್ಸಾಸ್‌ನಲ್ಲಿ, ಬಡಾಯಿ ಟೆಕ್ಸಸ್‌ಗೆ. ಅದರಲ್ಲಿ ಅಚ್ಚರಿಯಿಲ್ಲ. ಒಂದೇ ಚಿತ್ರದ ಕೆಳಗೆ ಊರು, ರಾಜ್ಯದ ಹೆಸರು ಬದಲಿಸಿ ಮಾರುವುದು ಆ ವ್ಯಾಪಾರದ ರೂಢಿ. ಕೆನಡಾದ ಬಯಲು ಸೀಮೆಗೂ ಇದೇ ಜಾತಿಯ ಕಾರ್ಡುಗಳು ಹೋದವು. ಕೆರೆ ಇರುವ ಊರಿಗೆ ದೋಣಿಗಿಂತ ದೊಡ್ಡ ಮೀನು, ಹೊಲ ಇರುವ ಊರಿಗೆ ಬಂಡಿಗಿಂತ ದೊಡ್ಡ ತೆನೆ.

ಮಾರ್ಟಿನ್ 1912ರಲ್ಲಿ ಕಂಪನಿ ಮಾರಿ, ಬೋರ್ಡು ತಯಾರಿಸುವ ಬೇರೆ ಉದ್ಯಮಕ್ಕೆ ಹೋದ. ಕಾರ್ಡಿನ ಹುಚ್ಚೂ ಇಳಿಯುತ್ತ ಬಂದಿತ್ತು. ಮಾರ್ಟಿನ್, ಜಾನ್ಸನ್, ಕಾರ್ನಿಶ್‌ರ ಕೆಲಸ ಆಲ್ಬಮ್ಮುಗಳಲ್ಲಿ, ಅಟ್ಟದ ಮೇಲಿನ ಬೂಟಿನ ಡಬ್ಬಿಗಳಲ್ಲಿ ಸೇರಿಹೋಯಿತು. ಅಗ್ಗದ್ದು, ಒರಟು, ಹಳ್ಳಿಗರ ಜೋಕು ಎಂದುಕೊಂಡು ಕಲೆಯ ಇತಿಹಾಸ ಬರೆಯುವವರು ಬಹುಕಾಲ ಅತ್ತ ಹೋಗಲಿಲ್ಲ.

ಎರಡನೆಯ ಸಲ ಇವನ್ನು ಕಂಡುಹಿಡಿದವರು ಸಂಗ್ರಾಹಕರು ಮತ್ತು ರಾಜ್ಯಗಳ ಇತಿಹಾಸ ಸಂಘದವರು. ಅವರ ವಿದ್ಯೆಯೇ ಬೇರೆ. ಅವರು ಕಾರ್ಡನ್ನು ಮೊದಲು ತಿರುಗಿಸಿ ನೋಡುತ್ತಾರೆ. ಅಂಚೆಚೀಟಿ ಅಂಟಿಸುವ ಚೌಕದ ಸುತ್ತ ಫೋಟೋ ಕಾಗದದ ಹೆಸರು ಅಚ್ಚಾಗಿರುತ್ತದೆ. ಅಜೋ ಎಂಬ ಕಾಗದವಾದರೆ ಚೌಕದ ನಾಲ್ಕು ಮೂಲೆಗೂ ಪುಟ್ಟ ತ್ರಿಕೋನಗಳು. ನಾಲ್ಕೂ ಮೇಲ್ಮುಖವಾಗಿದ್ದರೆ 1904ರಿಂದ 1918ರ ನಡುವಿನ ಕಾಗದ. ಎರಡು ಮೇಲಕ್ಕೆ, ಎರಡು ಕೆಳಕ್ಕೆ ಇದ್ದರೆ ಅದರ ನಂತರದ್ದು. ಮುದ್ರೆ ಮಾಸಿದ್ದರೂ, ತಾರೀಕು ಬರೆದಿರದಿದ್ದರೂ ಈ ತ್ರಿಕೋನಗಳಿಂದ ಕಾರ್ಡಿನ ಪ್ರಾಯ ಹೇಳಬಹುದು. ಹೀಗೆ ಒಂದೊಂದನ್ನೇ ಜೋಡಿಸಿಕೊಂಡು 1990ರಲ್ಲಿ ಮಾರ್ಗನ್ ವಿಲಿಯಮ್ಸ್ ಮತ್ತು ಸಿಂಥಿಯಾ ರೂಬಿನ್ ಈ ಕಾರ್ಡುಗಳ ಮೇಲೆಯೇ ಒಂದು ಪುಸ್ತಕ ತಂದರು. 2012ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಕಂಪ್ಯೂಟರಿಗೆ ಮುಂಚಿನ ಕಾಲದ ತಿದ್ದಿದ ಫೋಟೋಗಳ ದೊಡ್ಡ ಪ್ರದರ್ಶನ ಮಾಡಿದಾಗ ಕಾರ್ನಿಶ್‌ನ ವ್ಯಾಗನ್ ತೆನೆಗಳಿಗೂ ಅಲ್ಲಿ ಗೋಡೆ ಸಿಕ್ಕಿತು. ಸಿಗಲೇಬೇಕಿತ್ತು. ವಿಸ್ಕಾನ್ಸಿನ್, ಕಾನ್ಸಾಸ್ ಎರಡೂ ರಾಜ್ಯಗಳ ಇತಿಹಾಸ ಸಂಘಗಳು ತಮ್ಮಲ್ಲಿದ್ದ ಕಾರ್ಡುಗಳನ್ನು ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ತೆರೆದಿಟ್ಟಿವೆ. ಒಂದು ಸೆಂಟಿಗೆ ಊರೂರು ಸುತ್ತಿದ ಕಾರ್ಡಿಗೆ ಇದಕ್ಕಿಂತ ಒಪ್ಪುವ ಜಾಗ ನನಗೆ ತೋಚುವುದಿಲ್ಲ. ಮನೆಯಲ್ಲಿ ಕೂತು ನೋಡಬಹುದು, ಅಕ್ಕಪಕ್ಕದವರಿಗೆ ತೋರಿಸಬಹುದು, ನೆಂಟರಿಗೆ ಮತ್ತೆ ಕಳಿಸಬಹುದು.

ಆದರೆ ಈ ಪರಂಪರೆಯಲ್ಲಿ ನಾನು ಎಲ್ಲರಿಗಿಂತ ಮೇಲಿಡುವುದು ಫ್ರ್ಯಾಂಕ್ ಕೊನಾರ್ಡ್‌ನನ್ನು. ಅವನು ಬಂದದ್ದು ತಡವಾಗಿ, ಮೊದಲಿನವರ ಅಂಗಡಿಗಳೆಲ್ಲ ಮುಚ್ಚಿದ ಮೇಲೆ. ಕಾನ್ಸಾಸ್‌ನ ನೈರುತ್ಯ ಮೂಲೆಯ ಗಾರ್ಡನ್ ಸಿಟಿಯ ಫೋಟೋಗ್ರಾಫರ್. 1935 ಆ ಊರಿಗೆ ಎಂಥ ವರ್ಷ ಎಂದು ಅಮೆರಿಕದವರಿಗೆ ಈಗಲೂ ನೆನಪಿದೆ. ವರ್ಷಗಟ್ಟಲೆ ಮಳೆಯಿಲ್ಲ. ಹುಲ್ಲುಗಾವಲು ಉತ್ತು ಬಯಲು ಮಾಡಿದ್ದ ನೆಲದ ಮೇಲ್ಮಣ್ಣು ಗಾಳಿಗೆದ್ದು ಹೋಗುತ್ತಿತ್ತು. ಏಪ್ರಿಲ್ 14ರ ಭಾನುವಾರ ಹಗಲನ್ನೇ ನುಂಗಿದ ಕರಿ ಧೂಳಿನ ಗೋಡೆ ಆ ಬಯಲುಗಳ ಮೇಲೆ ಹಾದುಹೋಗಿತ್ತು. ಅದೇ ವರ್ಷ ಮಿಡತೆಯೂ ಬಂತು. ಒಂದು ರಾತ್ರಿ ಊರಿನ ದೀಪಗಳಿಗೆ ಮುತ್ತಿದ ಮಿಡತೆಗಳಿಂದಾಗಿ ಬಂಕುಗಳಲ್ಲಿ ಗಾಡಿಗೆ ಪೆಟ್ರೋಲು ಹಾಕಿಸುವುದೇ ಆಗಲಿಲ್ಲ. ಕೊನಾರ್ಡ್ ಮನೆಗೆ ಹೋಗಿ ಮಲಗಿದ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಯಿತು. ತಲೆ ತುಂಬ ಮಿಡತೆ. ಮತ್ತೆ ನಿದ್ದೆ ಹತ್ತಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಏನು ಮಾಡಬೇಕೆಂದು ಹೊಳೆದಿತ್ತು ಎಂದು ಮುಂದೆ ಅವನೇ ಹೇಳಿಕೊಂಡಿದ್ದಾನೆ.

ಮಿಡತೆ ಹಿಡಿದು, ಹತ್ತಿರದಿಂದ ಫೋಟೋ ತೆಗೆದು, ಮನುಷ್ಯರ ಪಕ್ಕದಲ್ಲಿ ಮನುಷ್ಯರಿಗಿಂತ ದೊಡ್ಡದಾಗಿ ನಿಲ್ಲಿಸಿದ. ಮಿಡತೆಯ ಬೆನ್ನೇರಿ ಸವಾರಿ. ಬೇಟೆಯಾಡಿದ ಮಿಡತೆಯ ಪಕ್ಕ ಕೋವಿ ಹಿಡಿದು ನಿಂತ ಬೇಟೆಗಾರ. ಅಂಗೈಯಲ್ಲಿ ಹಿಡಿಯುವಾಗ ಕಡ್ಡಿಯಂತಿರುವ ಹಿಂಗಾಲು ಈ ಕಾರ್ಡುಗಳಲ್ಲಿ ಮುಳ್ಳು ಮುಳ್ಳಾದ ಕಂಬ. ಉಬ್ಬಿದ ಕಣ್ಣು, ತಟ್ಟೆ ತಟ್ಟೆಯಾಗಿ ಜೋಡಿಸಿದ ಹೊಟ್ಟೆ, ಜೋಳದ ಗರಿಯನ್ನು ಸೀಳುವ ಬಾಯಿ, ಎಲ್ಲವೂ ಎದುರಿಗಿವೆ. ಮಾರ್ಟಿನ್ ದೊಡ್ಡದು ಮಾಡಿದ್ದು ರೈತ ಬಯಸಿದ್ದನ್ನು. ಕೊನಾರ್ಡ್ ದೊಡ್ಡದು ಮಾಡಿದ್ದು ರೈತನನ್ನು ತಿಂದದ್ದನ್ನು. ಅದಕ್ಕೇ ಅವನ ಕಾರ್ಡು ನನಗೆ ಹೆಚ್ಚು. ಹೊಲ ಬರಿದಾದವನ ಕೈಗೆ ಲಗಾಮು ಕೊಟ್ಟು ಮಿಡತೆಯ ಮೇಲೆ ಹತ್ತಿಸಿದ ಆ ಧೈರ್ಯ ಮೊದಲಿನವರಿಗೆ ಬಂದಿರಲಿಲ್ಲ.

ಊರಿಗೆ ಬಂದವರು ಕೊಂಡರು, ಊರಿನವರು ಕೊಂಡರು, ದೂರದವರಿಗೆ ಕಳಿಸಿದರು. ಕೊನಾರ್ಡ್ 1963ರವರೆಗೂ ಬಡಾಯಿ ಕಾರ್ಡು ಮಾಡುತ್ತಲೇ ಇದ್ದ. ಅಷ್ಟರಲ್ಲಿ ಗಾರ್ಡನ್ ಸಿಟಿಯ ಸುತ್ತಲಿನ ರೈತರು ನೆಲದಾಳದ ನೀರನ್ನು ಪಂಪು ಹಾಕಿ ಎತ್ತತೊಡಗಿದ್ದರು. ಆ ಒಣ ಬಯಲಿನಲ್ಲಿ ಮೆಕ್ಕೆಜೋಳ ನಿಜವಾಗಿಯೂ ಬೆಳೆಯಲು ಶುರುವಾಗಿತ್ತು, ತೆನೆ ಮಾತ್ರ ಎಲ್ಲ ಕಡೆಯದರಷ್ಟೇ ಉದ್ದ.